ಹೆಣ್ಣುಮಗುವಿಗೊಂದು ಬೆಚ್ಚನೆಯ ಅಂಗಿ

(ಉಯ್ಯಂಬಳ್ಳಿಯ ತಾಯಂದಿರ ಸಭೆಯಲ್ಲಿ ಆಡಿದ ಮಾತುಗಳು)

ತಾಯಂದಿರೆ, ಅಕ್ಕತಂಗಿಯರೆ, ಹಿಂದೆ ಜಗಲಿಯ ಮೇಲೆ ಕುಳಿತಿರುವ ಅಣ್ಣಂದಿರೆ,

ಬಿತ್ತನೆ ರಾಗಿ, ಹಿಪ್ಪುನೇರಳೆ ಕಡ್ಡಿ, ಗೊಬ್ಬರದ ಗುಂಡಿ ಎಂದು ಮನೆಮನೆಗೆ ಬರುವ ಈ ಹುಡುಗ ಈ ದಿನ ಸೂಜಿದಾರ ಹಿಡಿದು ನಿಂತಿದ್ದಾನಲ್ಲ ಎಂದು ನಿಮಗೆ ನಗು ಬಂದಿರಬಹುದು. ನಗಿ, ತಪ್ಪಿಲ್ಲ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಅಲ್ಲಿ ಹೊಲದ ಕೆಲಸ ಕಲಿಸಿದರೇ ಹೊರತು ಹೊಲಿಗೆಯ ಕೆಲಸ ಕಲಿಸಲಿಲ್ಲ. ಹೊಲಿಗೆಯನ್ನು ಹೇಳಿಕೊಟ್ಟವಳು ನನ್ನ ಅಕ್ಕ. ಏಕೆ ಕಲಿತೆನೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಹುಳುಮನೆಯಿಂದ ಆರಂಭಿಸೋಣ. ನಮ್ಮ ಕನಕಪುರ ಸೀಮೆಯಲ್ಲಿ ರೇಷ್ಮೆ ಹುಳುವಿನ ವಿಷಯ ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಬೇಕು. ದೊಡ್ಡ ಹುಳುವಿಗೆ 24ರಿಂದ 25 ಇದ್ದರೆ ಸಾಕು. ಎಳೆಯದಕ್ಕೆ ಹೆಚ್ಚು ಶಾಖ, ಬಲಿತದ್ದಕ್ಕೆ ಕಡಿಮೆ. ಇದು ನಿಮಗೆಲ್ಲ ಗೊತ್ತು. ಮಾಗಿಯ ಚಳಿ ಬಿದ್ದರೆ ಕಿಟಕಿಗೆ ಗೋಣಿತಾಟು ಕಟ್ಟುತ್ತೀರಿ, ಹುಳುಮನೆಯನ್ನು ಕಾಯಿಸುತ್ತೀರಿ, ನಡುರಾತ್ರಿಯಲ್ಲಿ ಎದ್ದು ತಟ್ಟೆ ಮುಟ್ಟಿ ನೋಡುತ್ತೀರಿ. ಬಹಳ ಒಳ್ಳೆಯ ಕೆಲಸ.

ಅದೇ ಮನೆಯಿಂದ ಬೆಳಗಿನ ಹೊತ್ತು ಆರು ವರ್ಷದ ಹೆಣ್ಣುಮಗುವೊಂದು ಹೊರಗೆ ಬರುತ್ತದೆ. ಮೈಮೇಲೆ ತೋಳಿಲ್ಲದ ತೆಳು ಫ್ರಾಕು. ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೆಗಲು ಕುಗ್ಗಿಸಿಕೊಂಡು, ಬಚ್ಚಲ ಒಲೆಯ ಮುಂದೆ ಹೋಗಿ ಕೂರುತ್ತದೆ. ರಾಗಿ ಕೊಯ್ಲಿನ ಕಾಲವಾದರೆ ಇಬ್ಬನಿಯಲ್ಲೇ ಅಮ್ಮನ ಹಿಂದೆ ಹೊಲಕ್ಕೂ ಹೋಗಬೇಕು, ಕಣಕ್ಕೂ ಹೋಗಬೇಕು. ಅದರ ಅಣ್ಣ ಪೇಟೆಯಿಂದ ತಂದ ಸ್ವೆಟರು ಹಾಕಿಕೊಂಡು ಶಾಲೆಗೆ ಹೊರಟಿರುತ್ತಾನೆ. ನಾನು ಯಾವ ಮನೆಯನ್ನೂ ಬೊಟ್ಟುಮಾಡಿ ತೋರಿಸುತ್ತಿಲ್ಲ. ಇದು ನಮ್ಮ ಮನೆಯ ಕಥೆಯೂ ಹೌದು.

ನನಗೆ ಹತ್ತು ವರ್ಷ, ನನ್ನ ತಂಗಿಗೆ ಆರು. ಆ ವರ್ಷ ಅಪ್ಪ ನನಗೊಂದು ಸ್ವೆಟರು ತಂದಿದ್ದರು. ತಂಗಿಗೆ ಜಾತ್ರೆಯಲ್ಲಿ ಕೊಂಡ ಜಾಲರಿಯ ನೈಲಾನು ಫ್ರಾಕು ಇತ್ತು. ಡಿಸೆಂಬರಿನ ಒಂದು ಬೆಳಗ್ಗೆ ಅವಳು ಬಚ್ಚಲ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದಾಗ ಫ್ರಾಕಿನ ಅಂಚಿಗೆ ಬೆಂಕಿ ತಾಕಿತು. ಅಮ್ಮ ಗೋಡೆಯ ಗೂಟದಲ್ಲಿದ್ದ ಕಂಬಳಿ ಎಳೆದು ಅವಳಿಗೆ ಸುತ್ತಿದರು, ಉರಿ ಆರಿತು. ಆದರೆ ನೈಲಾನು ಕರಗಿ ಮೀನಖಂಡಕ್ಕೆ ಅಂಟಿಕೊಂಡಿತ್ತು. ಗಾಬರಿಯಲ್ಲಿ ಯಾರೋ ಬಟ್ಟೆಯನ್ನು ಕಿತ್ತರು, ಯಾರೋ ಶಾಯಿ ಸುರಿದರು. ಎರಡು ತಿಂಗಳು ಅವಳಿಗೆ ಶಾಲೆ ತಪ್ಪಿತು. ಈಗ ಅವಳಿಗೆ ಮದುವೆಯಾಗಿದೆ, ಸುಖವಾಗಿದ್ದಾಳೆ. ಆದರೂ ನಾಲ್ಕು ಜನರ ನಡುವೆ ಕುಳಿತರೆ ಆ ಕಾಲಿನ ಮೇಲೆ ಸೀರೆಯ ನೆರಿಗೆ ಎಳೆದುಕೊಳ್ಳುತ್ತಾಳೆ.

ಆ ದಿನ ನಾನೂ ಅದೇ ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಒಲೆಯ ಹತ್ತಿರ ಹೋಗುವ ಅಗತ್ಯ ನನಗಿರಲಿಲ್ಲ. ನನಗೆ ಸ್ವೆಟರು ಇತ್ತು.

ನಾನು ಹೊಲಿಗೆ ಕಲಿತದ್ದಕ್ಕೆ ಇದೇ ಕಾರಣ.

ನಮ್ಮದೇನು ಹಿಮ ಬೀಳುವ ದೇಶವೇ, ಇಷ್ಟು ಚಳಿಗೆ ಏನಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ನಿಜ, ಹಿಮವಿಲ್ಲ. ಆದರೂ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಶಾಖ 7.8 ಡಿಗ್ರಿಗೆ ಇಳಿದಿತ್ತೆಂದು ದಾಖಲೆಯಿದೆ. ಅಷ್ಟು ಚಳಿ ಪ್ರತಿ ವರ್ಷ ಬರುವುದಿಲ್ಲ. ಆದರೆ ಜನವರಿಯ ಬೆಳಗಿನಲ್ಲಿ ಮೊಬೈಲು 15 ಡಿಗ್ರಿ ತೋರಿಸಿದರೆ, ತೆಳು ಫ್ರಾಕಿನ ಮಗುವಿಗೆ ಅದೇ ಸಾಕಷ್ಟು ಚಳಿ. ಚಿಕ್ಕ ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಚಿಕ್ಕ ಪಾತ್ರೆಯ ನೀರು ಹಂಡೆಯ ನೀರಿಗಿಂತ ಬೇಗ ಆರುವುದಿಲ್ಲವೇ, ಹಾಗೆಯೇ ಅವರ ಮೈಶಾಖವೂ ಬೇಗ ಹೋಗುತ್ತದೆ. ಊಟ ಸಾಲದ, ರಕ್ತ ಕಡಿಮೆಯಿರುವ ಮಗುವಿಗೆ ಚಳಿ ಇನ್ನೂ ಹೆಚ್ಚು.

ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಕಂಬಳಿಯೂ, ಫ್ಲಾನೆಲೂ ಬೆಚ್ಚಗಿರುವುದು ಅವುಗಳ ಜುಂಗಿನಲ್ಲಿ ಗಾಳಿ ನಿಲ್ಲುವುದರಿಂದ. ಆದುದರಿಂದ ದಪ್ಪನೆಯ ಒಂದೇ ಬಟ್ಟೆಗಿಂತ ಸಡಿಲವಾದ ಎರಡು ಪದರಗಳು ಮೇಲು. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಬೊಂತೆ ಹೊಲಿದದ್ದು ಈ ತಿಳಿವಳಿಕೆಯಿಂದಲೇ.

ಈಗ ಅಂಗಿಯ ವಿಷಯಕ್ಕೆ ಬರೋಣ. ಆರು ವರ್ಷದ, ಎದೆಯ ಸುತ್ತಳತೆ 24 ಇಂಚು ಇರುವ ಮಗುವಿನ ಲೆಕ್ಕ ಹೇಳುತ್ತೇನೆ. ನಿಮ್ಮ ಮಗುವನ್ನು ನಿಲ್ಲಿಸಿ ಅಳತೆ ತೆಗೆದು, ಇದಕ್ಕೆ ಹೊಂದಿಸಿಕೊಳ್ಳಿ.

ಬೇಕಾದದ್ದು 36 ಇಂಚು ಅಗಲದ ಹತ್ತಿಯ ಫ್ಲಾನೆಲು ಒಂದು ಮೀಟರು. ಒಳ ಅಸ್ತರಿಗೆ ಮನೆಯಲ್ಲಿರುವ ಹಳೆಯ ಹತ್ತಿ ಸೀರೆ ಅಥವಾ ಅಪ್ಪನ ಹಳೆಯ ಪಂಚೆ. ಹಳೆಯದಾದಷ್ಟೂ ಅದು ಮೆತ್ತಗಿರುತ್ತದೆ. ನಾಲ್ಕು ಗುಂಡಿ, ಸೂಜಿ, ದಾರ. ಇಷ್ಟೆ. ಹೊಲಿಗೆ ಯಂತ್ರ ಇದ್ದರೆ ಅನುಕೂಲ, ಇಲ್ಲದಿದ್ದರೆ ಕೈಹೊಲಿಗೆ ಸಾಕು. ಫ್ಲಾನೆಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತದಲ್ಲೇ ಅಂಗಿ ಕುಗ್ಗೀತು. ನೆನೆಸಿದ ಮೇಲೆ ಅಳತೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಅರ್ಧ ಇಂಚು ಅತ್ತಿತ್ತ ಹೊಂದಿಸಿಕೊಳ್ಳಬಹುದು.

ಬಟ್ಟೆಯ ಉದ್ದದಲ್ಲಿ ಮೊದಲ 19 ಇಂಚಿನಲ್ಲಿ 16 ಇಂಚು ಅಗಲದ ಎರಡು ತುಂಡು ಕತ್ತರಿಸಿ. ಒಂದು ಬೆನ್ನಿಗೆ, ಒಂದು ಎದೆಗೆ. ಪಕ್ಕದಲ್ಲಿ 4 ಇಂಚಿನ ಪಟ್ಟಿ ಉಳಿಯುತ್ತದೆ. ಅದನ್ನು ಉದ್ದಕ್ಕೆ ಎರಡು ಮಾಡಿ ಗುಂಡಿಪಟ್ಟಿಗೆ ಎತ್ತಿಡಿ. ಮುಂದಿನ 17 ಇಂಚಿನಲ್ಲಿ 13 ಇಂಚು ಅಗಲದ ಎರಡು ತುಂಡು ತೋಳಿಗೆ. ತೋಳನ್ನು ಮುಂಗೈ ಕಡೆಗೆ 9 ಇಂಚಿಗೆ ಇಳಿಸಿ ಓರೆಯಾಗಿ ಕತ್ತರಿಸಬೇಕು. ಇದರ ಪಕ್ಕದಲ್ಲಿ 10 ಇಂಚು ಅಗಲ, 17 ಇಂಚು ಉದ್ದದ ತುಂಡು ಉಳಿಯುತ್ತದೆ. ಅದನ್ನು ಎಸೆಯಬೇಡಿ, ಅದಕ್ಕೂ ಕೆಲಸವಿದೆ.

ಎದೆಯ ತುಂಡನ್ನು ನಡುವೆ ಉದ್ದಕ್ಕೆ ಸೀಳಿ, ಎರಡು ಅಂಚಿಗೂ ಪಟ್ಟಿ ಹಚ್ಚಿ. ಕತ್ತಿನ ಸುತ್ತು ಮೊದಲು ಚಿಕ್ಕದಾಗಿಯೇ ಇರಲಿ. ಮಗುವಿನ ಮೇಲೆ ಹಿಡಿದು ನೋಡಿ ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳಬಹುದು, ಒಮ್ಮೆ ದೊಡ್ಡದಾದರೆ ಚಿಕ್ಕದು ಮಾಡಲಾಗುವುದಿಲ್ಲ. ಅಸ್ತರಿಯನ್ನೂ ಇದೇ ಆಕಾರದಲ್ಲಿ ಕತ್ತರಿಸಿ, ಉದ್ದದಲ್ಲಿ ಮಾತ್ರ 2 ಇಂಚು ಕಡಿಮೆ ಮಾಡಿ. ಎರಡನ್ನೂ ಸೇರಿಸಿ ಹೆಗಲು, ಆಮೇಲೆ ತೋಳು, ಕೊನೆಗೆ ತೋಳಿನಿಂದ ಪಕ್ಕೆಯವರೆಗೆ ಒಂದೇ ಓಟದಲ್ಲಿ ಹೊಲಿಯಿರಿ. ಕೈಹೊಲಿಗೆಯಾದರೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದಕ್ಕೆ ತೆಗೆಯಬೇಕು. ಆ ಹೊಲಿಗೆ ಮಕ್ಕಳ ಎಳೆದಾಟಕ್ಕೆ ತಡೆಯುತ್ತದೆ.

ಕೆಳಗಿನ ಅಂಚನ್ನೂ ತೋಳಿನ ತುದಿಯನ್ನೂ 2 ಇಂಚು ಒಳಕ್ಕೆ ಮಡಿಸಿ ಹೊಲಿಯಿರಿ. ಮಗು ಬೆಳೆದಂತೆ ಮುಂದಿನ ವರ್ಷ ಈ ಮಡಿಕೆ ಬಿಚ್ಚಿದರೆ ಅದೇ ಅಂಗಿ ಇನ್ನೊಂದು ಚಳಿಗಾಲಕ್ಕೆ ಆಗುತ್ತದೆ. ಕತ್ತಿನ ಬಳಿ ದಾರ, ಲಾಡಿ ಇಡಬೇಡಿ. ಆಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಉರುಳಾದೀತು. ಎದೆಯ ಮೇಲೆ ಗುಂಡಿ, ಕಾಜ ಸಾಕು. ಹೊರಗೆ ಎರಡು ಜೇಬು ಇಟ್ಟರೆ ಕೈ ಬೆಚ್ಚಗಿರುತ್ತದೆ. ಹುರಿದ ಕಡಲೆಕಾಯಿ ಇಟ್ಟುಕೊಳ್ಳಲೂ ಜಾಗವಾಗುತ್ತದೆ, ಮಗುವಿಗೆ ಅಂಗಿ ಹೆಚ್ಚು ಇಷ್ಟವಾಗುವುದು ಅದರಿಂದಲೇ.

ಉಳಿದ ತುಂಡಿನಿಂದ ಕುಲಾವಿ. 17 ಇಂಚಿನ ಉದ್ದವನ್ನು ನಡುವೆ ಮಡಿಸಿ, ಒಂದು ಪಕ್ಕವನ್ನು ಮಾತ್ರ ಹೊಲಿಯಿರಿ. ಅದೇ ಹಿಂಬದಿ. ಮುಂದಿನ ಅಂಚನ್ನು ಒಂದು ಇಂಚು ಮಡಿಸಿ ಗದ್ದದ ಕೆಳಗೆ ಬರುವಂತೆ ಒಂದು ಪಟ್ಟಿ, ಒಂದು ಗುಂಡಿ ಹಚ್ಚಿ. ಕಿವಿ ಮುಚ್ಚುತ್ತದೆ. ಮಲಗುವಾಗ ಮಾತ್ರ ಅದನ್ನು ತೆಗೆದಿಡಿ.

ನಾನು ಕೆಡಿಸಿದ ಕೆಲಸವನ್ನೂ ಹೇಳಬೇಕು. ಅಕ್ಕನ ಮಗಳಿಗೆ ಮೊದಲ ಅಂಗಿ ಕತ್ತರಿಸಿದಾಗ ಎದೆಯ ಅಳತೆ 24 ಇಂಚು ಬಂತು. ನಾನು ಹೊಲ ಅಳೆಯುವವನಂತೆ ಸರಿಯಾಗಿ 24 ಇಂಚಿಗೇ ಕತ್ತರಿಸಿದೆ. ಹೊಲಿಗೆಗೆ ಹೋದದ್ದು, ಅಸ್ತರಿಯ ದಪ್ಪ, ಒಳಗಿನ ಫ್ರಾಕು, ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಗು ಒಂದು ತೋಳು ಹಾಕಿಕೊಂಡಿತು, ಎರಡನೆಯ ತೋಳು ಏರಲೇ ಇಲ್ಲ. "ಮಾವ, ಇದು ಗೊಂಬೆಗಾ?" ಎಂದು ಕೇಳಿತು. ಅಕ್ಕ ಬೈಯಲಿಲ್ಲ. ಆ ಅಂಗಿಯನ್ನು ಬಿಚ್ಚಿ ಪಕ್ಕದ ಮನೆಯ ಕೂಸಿಗೆ ಅಂಗಿ ಮಾಡಿಕೊಟ್ಟು, "ಗಿಡಕ್ಕೆ ಅಂತರ ಬಿಡೋ ಹಾಗೆ ಮೈಗೂ ಬಿಡಬೇಕು ಕಣೋ" ಎಂದಳು. ಆದುದರಿಂದ ಎದೆಯ ಸುತ್ತಳತೆಗೆ 6 ಇಂಚು ಸೇರಿಸಿ ಎಂಬುದನ್ನು ನನ್ನ ನಷ್ಟದ ಲೆಕ್ಕದಿಂದಲೇ ಹೇಳುತ್ತಿದ್ದೇನೆ. ಎರಡನೆಯ ಅಂಗಿ ಸರಿಯಾಯಿತು. ನನ್ನಂಥ ಒಡ್ಡುಗೈಯವನಿಗೆ ನಾಲ್ಕು ಸಂಜೆ ಹಿಡಿಯಿತು, ನಿಮಗೆ ಎರಡು ಸಾಕು.

ಇನ್ನೊಂದು ಎಚ್ಚರಿಕೆ. ಬೆಚ್ಚನೆಯ ಅಂಗಿ ಹಾಕಿದೆವೆಂದು ಮಗುವನ್ನು ಒಲೆಯ ಮುಂದೆ ಕೂರಿಸಬೇಡಿ. ಫ್ಲಾನೆಲಿನ ಜುಂಗಿಗೂ ಬೆಂಕಿ ಬೇಗ ಹತ್ತುತ್ತದೆ. ನೈಲಾನು, ಪಾಲಿಯೆಸ್ಟರು ಹತ್ತಿದರೆ ಕರಗಿ ಅಂಟುತ್ತವೆ. ಮಗು ಬೆಂಕಿಯ ಹತ್ತಿರ ಹೋಗದೆ ಇರಲೆಂದೇ ಈ ಅಂಗಿ. ಒಂದು ವೇಳೆ ಬಟ್ಟೆಗೆ ಬೆಂಕಿ ತಾಕಿದರೆ ಓಡಲು ಬಿಡದೆ ನೆಲಕ್ಕೆ ಮಲಗಿಸಿ, ಉಣ್ಣೆಯ ಕಂಬಳಿ ಸುತ್ತಿ ಹೊರಳಿಸಿ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಉರಿ ಆರಿದೊಡನೆ ಕಂಬಳಿ ತೆಗೆದು, ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಮೈಯ ಉಳಿದ ಭಾಗ ಬೆಚ್ಚಗಿರಲಿ. ಅಂಟಿದ ಬಟ್ಟೆ ಕೀಳಬೇಡಿ. ಶಾಯಿ, ಪೇಸ್ಟು, ಮಣ್ಣು ಹಚ್ಚಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆಯೇ ಕೆಂಡದ ಕುಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಕ್ಕಳನ್ನು ಮಲಗಿಸಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ; ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಜಗಲಿಯ ಅಣ್ಣಂದಿರಿಗೆ ಒಂದು ಮಾತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಹಳ್ಳಿಗಳಲ್ಲಿ ಗ್ರಾಮಸೇವಕರು ಗಂಡಸರಿಗೆ ಬೇಸಾಯವನ್ನೂ, ಗ್ರಾಮಸೇವಿಕೆಯರು ಹೆಂಗಸರಿಗೆ ಹೊಲಿಗೆ, ಶಿಶುಪಾಲನೆಗಳನ್ನೂ ಹೇಳಿಕೊಟ್ಟರು. ಒಳ್ಳೆಯ ಕೆಲಸವೇ ನಡೆಯಿತು. ಆದರೆ ಹೊಲಿಗೆ ಹೆಂಗಸರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ನಿಮ್ಮ ಅಂಗಿ ಹೊಲಿಯುವ ದರ್ಜಿ ಗಂಡಸೇ ಅಲ್ಲವೇ? ಹೊಲಿಯಲು ಬಾರದಿದ್ದರೆ ಬೇಡ. ಗೂಡು ಮಾರಿ ರಾಮನಗರದಿಂದ ಬರುವಾಗ ಒಂದು ಮೀಟರು ಫ್ಲಾನೆಲು ತನ್ನಿ. ಮಗನಿಗೆಂದು ಸ್ವೆಟರು ಕೊಳ್ಳುವ ದಿನವೇ ತನ್ನಿ. ಮುಂದಿನ ಬೆಳೆಗೆ ನೋಡೋಣ ಎಂದರೆ ಆ ಹೊತ್ತಿಗೆ ಚಳಿಗಾಲ ಮುಗಿದಿರುತ್ತದೆ.

ತಾಯಂದಿರೆ, ಕಾರ್ತಿಕದ ದೀಪ ಹಚ್ಚುವ ಹೊತ್ತಿಗೆ ಬಟ್ಟೆ ನೆನೆಸಿ. ಅವರೆಕಾಯಿಗೆ ಸೊಗಡು ಬರುವ ಹೊತ್ತಿಗೆ ಅಂಗಿ ಮಗುವಿನ ಮೈಮೇಲಿರಲಿ. ಶಿವರಾತ್ರಿಗೆ ಚಳಿ ಹೋದ ಮೇಲೆ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಪೆಟ್ಟಿಗೆಯಲ್ಲಿಡಿ.

ಅಕ್ಕನ ಮನೆಯಲ್ಲಿ ಈಗ ಬೆಳಗಿನ ಹೊತ್ತು ಬಚ್ಚಲ ಒಲೆಯ ಮುಂದೆ ಯಾರೂ ಕೂರುವುದಿಲ್ಲ. ಮಗು ಜೇಬಿನಲ್ಲಿ ಕೈಯಿಟ್ಟುಕೊಂಡು ಅಂಗಳದಲ್ಲಿ ಓಡಾಡುತ್ತದೆ. ಕಳೆದ ಚಳಿಗಾಲದಲ್ಲಿ ನನ್ನ ತಂಗಿ ಅಲ್ಲಿಗೆ ಬಂದಿದ್ದಳು. ಆ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ನನ್ನ ಮಗಳಿಗೂ ಒಂದು ಹೊಲಿದುಕೊಡಣ್ಣ" ಎಂದಳು. ಅದನ್ನು ಈಗ ಹೊಲಿಯುತ್ತಿದ್ದೇನೆ. ಇಗೋ, ಈ ಕೈಯಲ್ಲಿರುವುದೇ ಅದು. ಬಲದ ತೋಳು ಹಚ್ಚುವುದು ಬಾಕಿಯಿದೆ. ಹತ್ತಿರ ಬನ್ನಿ, ತೋರಿಸುತ್ತೇನೆ.