ಬೆಳ್ಳಿಯ ತೂಕ, ನಾಣ್ಯದ ಬೆಲೆ
(ಡೊಂಬಿವಲಿಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಬ್ಯಾಂಕಿನಲ್ಲಿ ಪರರ ಹಣ ಎಣಿಸುವ ಗುಮಾಸ್ತನಿಗೆ ಸಂಜೆಯೂ ಹಣದ ಮಾತೇ ಏಕೆಂದು ತಾವು ನಗಬಹುದು. ನಾನು ಹೇಳಹೊರಟಿರುವುದು ಚಲಾವಣೆ ನಿಂತುಹೋದ ಹಣದ ಸಂಗತಿ.

1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಯುದ್ಧವನ್ನು ಗೆದ್ದನು. ಅದೇ ಕಾಲದಲ್ಲಿ ಬೊಹೇಮಿಯದ ಯೋಆಖಿಮ್ಸ್‌ಟಾಲ್ ಎಂಬ ಗಣಿಯೂರಿನಲ್ಲಿ ದೊಡ್ಡ ಬೆಳ್ಳಿ ನಾಣ್ಯಗಳನ್ನು ಟಂಕಿಸತೊಡಗಿದ್ದರು. ಜರ್ಮನ್ ಭಾಷೆಯಲ್ಲಿ 'ಟಾಲ್' ಎಂದರೆ ಕಣಿವೆ. ಆ ಕಣಿವೆಯ ನಾಣ್ಯವೇ 'ಟಾಲರ್' ಆಯಿತು. ಅಮೆರಿಕೆಯ ಡಾಲರು ಆ ಹೆಸರಿನ ಮೊಮ್ಮಗ. ಟಾಲರಿನ ತೂಕ ಸುಮಾರು 29 ಗ್ರಾಂ. ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ. ಅಂದರೆ ತಕ್ಕಡಿಯಲ್ಲಿ ಒಂದು ಟಾಲರಿಗೆ ಎರಡೂವರೆ ರೂಪಾಯಿ ಸಮ.

ಜರ್ಮನಿಯ ಆ ಕಾಲದ ಬೆಳ್ಳಿ ನಾಣ್ಯಗಳಲ್ಲಿ ಎಷ್ಟೋ ಬಗೆಗಳು ಇಂದು ಅಪರೂಪ. ಟಂಕಿಸಿದ್ದೇ ಕಡಿಮೆ ಎಂಬುದು ಒಂದು ಕಾರಣ, ಕರಗಿಸಿದರು ಎಂಬುದು ಇನ್ನೊಂದು. 1619ರಿಂದ 1623ರವರೆಗೆ ಅಲ್ಲಿನ ಅನೇಕ ಟಂಕಸಾಲೆಗಳು ಒಳ್ಳೆಯ ನಾಣ್ಯಗಳನ್ನು ಕರಗಿಸಿ, ತಾಮ್ರ ಬೆರೆಸಿ ಕಳಪೆ ಹಣವನ್ನು ಹೊರತಂದವು. ಕೂಲಿಯವನ ಕೈಯಲ್ಲಿ ಉಳಿದದ್ದು ಆ ಕಳಪೆ ಹಣವೇ. ಅದೇ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಹಡಗಿನಲ್ಲಿ ತಂದ ಯುರೋಪಿನ ಬೆಳ್ಳಿ ನಮ್ಮ ಸೂರತ್ತಿನ ಟಂಕಸಾಲೆಯಲ್ಲಿ ಕರಗಿ ರೂಪಾಯಿಯಾಯಿತು. ಈ ಬೆಂಕಿಯಿಂದ ತಪ್ಪಿಸಿಕೊಂಡವೇ ಇಂದು ಸಂಗ್ರಾಹಕರ ಕೈಯಲ್ಲಿರುವುದು.

ಇದು ದೂರದೇಶದ ಕಥೆಯೆಂದು ಭಾವಿಸಬೇಡಿ. ಗದಗಿನ ನಮ್ಮ ಮನೆಯಲ್ಲಿ ಅಜ್ಜಿ ಹನ್ನೆರಡು ಬೆಳ್ಳಿ ರೂಪಾಯಿಗಳನ್ನು ಲಕ್ಷ್ಮೀಪೂಜೆಗೆಂದು ಇರಿಸಿಕೊಂಡಿದ್ದಳು. ಅಕ್ಕನ ಕಾಲ್ಗೆಜ್ಜೆಗಾಗಿ ಅಪ್ಪ ಹನ್ನೊಂದನ್ನು ಸರಾಫನಿಗೆ ಕೊಟ್ಟರು. ತೂಕದಲ್ಲಿ ಮೋಸವಿರಲಿಲ್ಲ. ಆದರೆ ಅವುಗಳ ಮೇಲಿನ ಇಸವಿಯನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ. ಉಳಿದ ಒಂದು 1862ರದು. ಹುಡುಗನಾಗಿದ್ದ ನಾನು ಅದು ಹೊಳೆಯಲೆಂದು ವರ್ಷವರ್ಷವೂ ವಿಭೂತಿ ಹಚ್ಚಿ ತಿಕ್ಕಿದೆ. ರಾಣಿಯ ಕಿರೀಟದ ಗೆರೆಗಳು ಸವೆದುಹೋದವು. ಸರಾಫನ ಕುಲುಮೆ ಮಾಡುವುದನ್ನೇ ನನ್ನ ಹೆಬ್ಬೆರಳು ನಿಧಾನವಾಗಿ ಮಾಡಿತ್ತು.

ಆದುದರಿಂದ ಠಾಣೆ, ಕಲ್ಯಾಣ, ನವಿ ಮುಂಬಯಿಗಳಿಂದ ಬಂದಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಊರಿನಿಂದ ತಂದ ಹಳೆಯ ನಾಣ್ಯವಿದ್ದರೆ ತಿಕ್ಕಬೇಡಿ. ಅಂಚಿನಲ್ಲಿ ಹಿಡಿದು ನೋಡಿ. ಇಸವಿಯನ್ನೂ ತೂಕವನ್ನೂ, ಅದು ಯಾರಿಂದ ಬಂತೆಂಬುದನ್ನೂ ಒಂದು ವಹಿಯಲ್ಲಿ ಬರೆದಿಡಿ. ಅಮೆರಿಕೆಯಲ್ಲಿರುವ ಮಗನಿಗೆ ಕಳುಹಿಸಹೋಗಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಲು 1972ರ ಪುರಾವಸ್ತು ಕಾನೂನು ಬಿಡುವುದಿಲ್ಲ. ಒಂದು ರವಿವಾರ ಮಕ್ಕಳನ್ನು ಕೂಡಿಸಿಕೊಂಡು ಅದನ್ನು ಓದಿರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆಯ ಕಾಸು ಸಿಕ್ಕಿದರಂತೂ ಅದರ ಮೇಲೆ ಕನ್ನಡ ಅಕ್ಷರಗಳೇ ಇರುತ್ತವೆ. ಡೊಂಬಿವಲಿಯಲ್ಲಿ ಹುಟ್ಟಿ ಮರಾಠಿ, ಇಂಗ್ಲಿಷು ಕಲಿಯುವ ಮಗುವಿಗೆ ಅದಕ್ಕಿಂತ ಚಿಕ್ಕ ಕನ್ನಡ ಪುಸ್ತಕ ಬೇರೊಂದಿಲ್ಲ.

ಸವೆದ ಆ ರೂಪಾಯಿ ಈಗಲೂ ನನ್ನ ಬಳಿಯಿದೆ. ಪೇಟೆಯಲ್ಲಿ ಅದಕ್ಕೆ ಬೆಳ್ಳಿಯ ಬೆಲೆಯಷ್ಟೇ ಬಂದೀತು. ಆದರೂ ನನ್ನ ವಹಿಯ ಮೊದಲ ಪುಟದಲ್ಲಿ ಅದರ ಮುಂದೆ ಅಜ್ಜಿಯ ಹೆಸರಿದೆ. ಉಳಿದ ಹನ್ನೊಂದರ ಸಾಲು ಖಾಲಿಯಾಗಿದೆ. ತಮ್ಮ ಮನೆಯ ವಹಿಯಲ್ಲಿ ಅಂಥ ಖಾಲಿ ಸಾಲು ಬಾರದಿರಲಿ.