ಹೆಬ್ಬಾತಿನ ಹಾದಿ: ದೂರವೆಷ್ಟು, ಹೊತ್ತೆಷ್ಟು?



ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಿಂದ ಹಾವೇರಿ ಸೀಮೆಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 4,600 ಕಿ.ಮೀ. ಆಗುತ್ತದೆ. ಗಂಟೆಗೆ 850 ಕಿ.ಮೀ. ಹಾರುವ ವಿಮಾನ ಈ ದೂರವನ್ನು ಐದೂವರೆ ತಾಸಿನಲ್ಲಿ ಕ್ರಮಿಸೀತು. ಪಟ್ಟೆತಲೆ ಹೆಬ್ಬಾತು ಗಂಟೆಗೆ 60 ಕಿ.ಮೀ. ಹಾರುತ್ತದೆಂದು ಹಿಡಿದರೆ ಮೂರು ದಿನಗಳಿಗಿಂತ ತುಸು ಹೆಚ್ಚು ಸಾಕು. ಆದರೆ ಆ ಹಕ್ಕಿಗೆ ವಾರಗಟ್ಟಲೆ ಹಿಡಿಯುತ್ತದೆ. ಶಾಲೆಯ ಲೆಕ್ಕ ಎಲ್ಲಿ ತಪ್ಪಿತು?

ಹಿಮಾಲಯದಲ್ಲಿ ಅಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉತ್ತರಕ್ಕೆ ಮರಳುವ ಹೆಬ್ಬಾತುಗಳು ಆ ಪರ್ವತವನ್ನು ಏಳೆಂಟು ತಾಸುಗಳಲ್ಲಿ ಏರಿಬಿಡುತ್ತವೆ. ಅದೂ ಬೆನ್ನಗಾಳಿಯ ನೆರವಿಲ್ಲದೆ, ಹೆಚ್ಚಾಗಿ ಗಾಳಿ ತಂಪಾಗಿ ಸಾಂದ್ರವಾಗಿರುವ ರಾತ್ರಿ ಮತ್ತು ಮುಂಜಾವಿನಲ್ಲಿ. ಹೊತ್ತು ಹಿಡಿಯುವುದು ತಂಗುವಾಗ. ಹಾರಾಟಕ್ಕೆ ಇಂಧನ ಮೈಯೊಳಗಿನ ಕೊಬ್ಬು. ಅದು ತೀರಿದಾಗ ನೀರು, ಮೇವು ಇರುವೆಡೆ ಇಳಿದು ದಿನಗಟ್ಟಲೆ ಮೇಯಲೇಬೇಕು.

ಮಂಗೋಲಿಯಾದಲ್ಲಿ ಕೊರಳುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಅವುಗಳ ದೊಡ್ಡ ಚಳಿಗಾಲದ ಬೀಡು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿಂದ ಸವಣೂರು 40 ಕಿ.ಮೀ.ಗಿಂತ ಕಡಿಮೆ, ಹೆಬ್ಬಾತಿಗೆ ಅರ್ಧ ತಾಸಿನ ಹಾದಿ. ಮಳೆ ಕೈಕೊಟ್ಟು ಮಾಗಡಿ ಕೆರೆ ಬತ್ತಿದ ವರ್ಷ ಹಕ್ಕಿಗೆ ಬೇಕಾದುದು ಇಂಥ ಅರ್ಧ ತಾಸಿನೊಳಗಿನ ಇನ್ನೊಂದು ನೀರು. ಸವಣೂರಿನ ಮೋತಿ ತಲಾಬ್, ಶಿಗ್ಗಾಂವಿಯ ಊರಕೆರೆಗಳು, ಧರ್ಮಾ ಕಾಲುವೆಯ ನೀರುಣ್ಣುವ ಹಾನಗಲ್ಲಿನ ಕೆರೆಗಳು, ತುಸು ದೂರದಲ್ಲಿ ಕುಮುದ್ವತಿಗೆ ಕಟ್ಟಿದ ಮದಗ ಮಾಸೂರು ಕೆರೆ: ಇವುಗಳ ಬೆಲೆ ಆಗ ತಿಳಿಯುತ್ತದೆ. ಧರ್ಮಾ, ಕುಮುದ್ವತಿಗಳೆರಡೂ ಮಲೆನಾಡಿನ ಮಳೆಯುಂಡು ಇಳಿಯುವ ಹೊಳೆಗಳು. ಮೇಲೆ ಕಾಡು ಬೋಳಾದರೆ ಕೆಳಗೆ ಕೆರೆಯಲ್ಲಿ ಹೂಳು. (ಬಂಕಾಪುರದ ಕೋಟೆಯ ನವಿಲುಗಳಿಗೆ ಈ ಚಿಂತೆಯಿಲ್ಲ, ಅವು ಊರು ಬಿಡುವುದೇ ಇಲ್ಲ.)

ಹೂಳೆತ್ತುವುದು ತಪ್ಪಲ್ಲ, ಕೆರೆಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ. ಆದರೆ ಯಂತ್ರವಿಟ್ಟು ಅಂಗಳವನ್ನೆಲ್ಲ ಬಾವಿಯಂತೆ ತೋಡಿ, ದಡವನ್ನು ಗೋಡೆಯಂತೆ ಕಡಿದರೆ ನೀರು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ಹೆಬ್ಬಾತಿಗೆ ಇಳಿಜಾರಾದ ದಡ, ಮೊಣಕಾಲುದ್ದದ ತಿಳಿನೀರು, ಅಂಚಿನಲ್ಲಿ ಹುಲ್ಲು ಬೇಕು. ದನಕರುಗಳು ನೀರಿಗಿಳಿಯುವುದಕ್ಕೂ ಅದೇ ದಡ ಬೇಕಲ್ಲವೇ? ತೂಬಿನ ಬಳಿ ಆಳ ಮಾಡಿ, ನೀರು ಒಳಬರುವ ಮೇಲ್ದಡವನ್ನು ಯಂತ್ರಕ್ಕೆ ಕೊಡದಿದ್ದರೆ ಎರಡೂ ಸಾಧ್ಯ.

ರೈತರ ದೂರೂ ಸುಳ್ಳಲ್ಲ. ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಹುಲ್ಲು, ಕಾಳು, ಎಳೆ ಪೈರು ಅದರ ಆಹಾರ. ಹಗಲೆಲ್ಲ ನೀರಿನಲ್ಲಿ ವಿರಮಿಸಿ, ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತದೆ. ಹಿಂಡು ಒಂದೇ ಕೆರೆಗೆ ಮುತ್ತಿದಾಗ ಸುತ್ತಲಿನ ನಾಲ್ಕು ಹೊಲಗಳೇ ನಷ್ಟ ಹೊರುತ್ತವೆ. ಹತ್ತು ಕೆರೆಗಳಿಗೆ ಹಂಚಿಹೋದರೆ ಆ ಭಾರ ಇಳಿಯುತ್ತದೆ. ಈ ಬೇಸಿಗೆಯಲ್ಲಿ ಯಾವ ಊರಿನ ಕೆರೆಗೆ ಯಂತ್ರ ಇಳಿಯಲಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಕೇಳಿ, ಮೇಲ್ದಡದ ಗುರುತನ್ನು ಕಲ್ಲು ನೆಟ್ಟು ತೋರಿಸಬಹುದು. ಹಕ್ಕಿಗಳು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ಕೆಲಸ ಅದರ ನಂತರ ಆರಂಭವಾಗಲಿ.