ಮದರಾಸಿನಿಂದ ಮೈಸೂರಿಗೆ: ಬುಕನನ್ ಬರೆದಿಟ್ಟ ದಾರಿ

ಶುಕ್ರವಾರ ರಾತ್ರಿ ಚೆನ್ನೈನಲ್ಲಿ ಬಸ್ ಹತ್ತಿ ಮಲಗಿದ್ರೆ ಬೆಳಗ್ಗೆ ಬೆಂಗಳೂರು. ನಡುವೆ ಏನಿದೆ ಅಂತ ನಾವು ನೋಡೋದೇ ಇಲ್ಲ.

1800ರ ಏಪ್ರಿಲ್‌ನಲ್ಲಿ ಇದೇ ಊರಿಂದ ಫ್ರಾನ್ಸಿಸ್ ಬುಕನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ ಹೊರಟ. ಹಿಂದಿನ ವರ್ಷವಷ್ಟೇ ಟಿಪ್ಪು ಸತ್ತಿದ್ದ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತೆ, ಏನು ತಯಾರಾಗುತ್ತೆ ಅಂತ ನೋಡಿ ಬರೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. ಮೈಸೂರು, ಮಲಬಾರು, ಕೆನರಾ ಸುತ್ತೋಕೆ ವರ್ಷದ ಮೇಲಾಯ್ತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯ್ತು.

ರಾಗಿ ಬಿತ್ತೋದು ಹೇಗೆ, ಬಟ್ಟೆ ನೇಯೋರು ಯಾರು, ಕಬ್ಬಿಣ ಕರಗಿಸೋದು ಹೇಗೆ, ಎಲ್ಲಾ ಊರೂರಲ್ಲಿ ಕೇಳಿ ಬರೆದಿದ್ದಾನೆ. ಕಂಪನಿಗೆ ಬೇಕಿದ್ದದ್ದು ಕಂದಾಯ, ವ್ಯಾಪಾರದ ಲೆಕ್ಕ. ಹಾಗಾಗಿ ಎಚ್ಚರದಿಂದಲೇ ಓದ್ಬೇಕು. ಆದ್ರೆ ಪ್ರಶ್ನೆ ಅವರದ್ದಾದ್ರೂ ಉತ್ತರ ನಮ್ಮ ಮುತ್ತಜ್ಜಂದಿರದ್ದು.

ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತೆ. ನಿಮ್ಮ ಸೀಮೆ ಹುಡುಕಿ ನೋಡಿ.

ನಮ್ಮಜ್ಜಿಗೆ ರಾಗಿ ಹೊಲದ ಎಷ್ಟೋ ಸಂಗತಿ ಗೊತ್ತಿತ್ತು. ನಾನು ಕೇಳಲಿಲ್ಲ, ಈಗ ಅಜ್ಜಿ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ನೀವು ಕೇಳಿ, ಬರ್ಕೊಳ್ಳಿ. ಬುಕನನ್‌ಗೆ ದುಭಾಷಿ ಬೇಕಿತ್ತು, ನಮಗೆ ಬೇಕಿಲ್ಲ.